ಅನುದಾನದ ಬಜೆಟ್‌ನಲ್ಲಿ ಪರೋಕ್ಷ ವೆಚ್ಚ: ಲೆಕ್ಕ ಹಾಕುವ ಸರಿಯಾದ ಕ್ರಮ

ಅನುದಾನದ ಅರ್ಜಿಯ ಜೊತೆಗೆ ಹೋಗುವ ಬಜೆಟ್‌ನಲ್ಲಿ ಎಲ್ಲಕ್ಕಿಂತ ಕಡಿಮೆ ಯೋಚಿಸಿ ಬರೆಯುವ ಸಾಲು ಕೊನೆಯದು: ಪರೋಕ್ಷ ವೆಚ್ಚ, ಅಂದರೆ ಯಾವುದೇ ಒಂದು ಯೋಜನೆಗೆ ಸೇರದೆ ಇಡೀ ಸಂಸ್ಥೆಯನ್ನು ನಡೆಸಲು ಆಗುವ ಖರ್ಚು. ಕಾರ್ಯಕರ್ತರ ಸಂಬಳ, ತರಬೇತಿ, ಪ್ರಯಾಣ, ಸಾಮಗ್ರಿ ಇವುಗಳನ್ನು ದಿನಗಟ್ಟಲೆ ಕುಳಿತು ಲೆಕ್ಕ ಹಾಕಿದವರು ಕಡೆಗೆ ‘ಆಡಳಿತ ವೆಚ್ಚ ಶೇ 10’ ಎಂದು ಬರೆದು ಕಳುಹಿಸಿಬಿಡುತ್ತಾರೆ. ಆ ಹತ್ತು ಎಲ್ಲಿಂದ ಬಂತು, ಯಾವ ಮೊತ್ತದ ಮೇಲೆ ಹತ್ತು ಎಂದು ಕೇಳಿದರೆ, ಹೋದ ವರ್ಷದ ಬಜೆಟ್‌ನಲ್ಲೂ ಹಾಗೇ ಇತ್ತು ಎಂಬ ಉತ್ತರ ಬರುತ್ತದೆ. ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಸಂಸ್ಥೆಯೊಂದರಲ್ಲಿ ಹೀಗೆಯೇ ಶೇ 5ಕ್ಕೆ ಒಪ್ಪಿ ಮೂರು ವರ್ಷದ ಯೋಜನೆಯೊಂದನ್ನು ಕೈಗೆತ್ತಿಕೊಂಡೆವು. ಎರಡನೆಯ ವರ್ಷದ ನಡುವಿಗೆ ಬರುವಷ್ಟರಲ್ಲಿ ಕಚೇರಿಯ ಬಾಡಿಗೆಯನ್ನೂ ಲೆಕ್ಕಿಗರ ಸಂಬಳವನ್ನೂ ಸಂಸ್ಥೆಯ ಉಳಿತಾಯದಿಂದ ಕೊಡಬೇಕಾಯಿತು. ಅನುದಾನ ಕೊಟ್ಟವರು ತಪ್ಪು ಮಾಡಿರಲಿಲ್ಲ. ನಮ್ಮ ನಿಜವಾದ ವೆಚ್ಚ ಎಷ್ಟೆಂದು ನಾವು ಅವರಿಗೆ ಹೇಳಿಯೇ ಇರಲಿಲ್ಲ, ಏಕೆಂದರೆ ಅದು ನಮಗೇ ಗೊತ್ತಿರಲಿಲ್ಲ.

ಕರ್ನಾಟಕದ ಸಣ್ಣ ಮತ್ತು ಮಧ್ಯಮ ಗಾತ್ರದ ಸ್ವಯಂಸೇವಾ ಸಂಸ್ಥೆಗಳಲ್ಲಿ ಬಜೆಟ್ ಬರೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮವನ್ನು ವಿವರಿಸುತ್ತಿದ್ದೇನೆ. ಕಳೆದ ಹಣಕಾಸು ವರ್ಷದ ಲೆಕ್ಕಪರಿಶೋಧಿತ ವರದಿ, ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಮೊತ್ತಗಳ ಪಟ್ಟಿ) ಮತ್ತು ಸಿಬ್ಬಂದಿಯ ಟೈಮ್‌ಶೀಟ್ (ಯಾವ ಕೆಲಸಕ್ಕೆ ಎಷ್ಟು ಸಮಯ ಕೊಟ್ಟರೆಂಬ ದಾಖಲೆ) ಕೈಯಲ್ಲಿದ್ದರೆ ಒಂದು ದಿನದಲ್ಲಿ ಮುಗಿಯುವ ಕೆಲಸ ಇದು.

ಮೊದಲಿಗೇ ಒಂದು ಗೊಂದಲವನ್ನು ಪರಿಹರಿಸಿಕೊಳ್ಳಬೇಕು. ಪರೋಕ್ಷ ವೆಚ್ಚದ ಮಾತು ಬಂದಾಗ ಮೂರು ಬೇರೆ ಬೇರೆ ಸಂಖ್ಯೆಗಳು ಒಂದೇ ಹೆಸರಿನಲ್ಲಿ ಓಡಾಡುತ್ತವೆ. ಒಂದು, ನಿಮ್ಮ ಸಂಸ್ಥೆಗೆ ನಿಜವಾಗಿ ತಗಲುವ ಪರೋಕ್ಷ ವೆಚ್ಚದ ದರ. ಎರಡು, ದಾನಿ ಸಂಸ್ಥೆ ತಾನು ಕೊಡುತ್ತೇನೆಂದು ಹೇಳುವ ದರ. ಮೂರು, ಕಾನೂನು ಹಾಕಿರುವ ಮಿತಿ. ಮೊದಲನೆಯದು ನಿಮ್ಮ ಲೆಕ್ಕಪುಸ್ತಕದಿಂದ ಬರುತ್ತದೆ, ಎರಡನೆಯದು ದಾನಿಯ ನೀತಿಯಿಂದ, ಮೂರನೆಯದು ಸರ್ಕಾರದ ಕಾಯ್ದೆಯಿಂದ. ಒಂದನ್ನು ಇನ್ನೊಂದರ ಜಾಗದಲ್ಲಿ ಇಟ್ಟಾಗಲೇ ಹೆಚ್ಚಿನ ತಪ್ಪುಗಳಾಗುತ್ತವೆ. ಆದ್ದರಿಂದ ಮೊದಲನೆಯದನ್ನು ಪೂರ್ತಿ ಮುಗಿಸಿ, ಆಮೇಲೆ ಉಳಿದೆರಡಕ್ಕೆ ಹೋಗೋಣ.

ಮೊದಲ ಹೆಜ್ಜೆ: ಖರ್ಚುಗಳನ್ನು ಬೇರ್ಪಡಿಸುವುದು

ಒಂದು ನಿರ್ದಿಷ್ಟ ಯೋಜನೆಗೆಂದೇ ಆಗಿದ್ದು, ಇಷ್ಟೇ ಎಂದು ಬೆರಳಿಟ್ಟು ತೋರಿಸಬಹುದಾದದ್ದು ನೇರ ವೆಚ್ಚ. ಹಲವು ಯೋಜನೆಗಳಿಗೆ ಒಟ್ಟಾಗಿ ಉಪಯೋಗವಾಗುತ್ತಿದ್ದು, ಯಾವ ಯೋಜನೆಗೆ ಎಷ್ಟು ಎಂದು ಅತಿಯಾದ ಶ್ರಮವಿಲ್ಲದೆ ಬಿಡಿಸಲಾಗದ್ದು ಪರೋಕ್ಷ ವೆಚ್ಚ. ನಿರ್ದೇಶಕರ ಸಂಬಳ, ಲೆಕ್ಕ ವಿಭಾಗ, ಮುಖ್ಯ ಕಚೇರಿಯ ಬಾಡಿಗೆ, ವಿದ್ಯುತ್, ಇಂಟರ್‌ನೆಟ್, ಆಡಿಟ್ ಶುಲ್ಕ, ವಿಮೆ ಇವು ಸಾಮಾನ್ಯವಾಗಿ ಎರಡನೆಯ ಗುಂಪಿನವು.

ಸಾಮಾನ್ಯವಾಗಿ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಯಾವ ಖರ್ಚೂ ಹುಟ್ಟಿನಿಂದಲೇ ನೇರವಲ್ಲ, ಪರೋಕ್ಷವೂ ಅಲ್ಲ. ಮುಖ್ಯ ಕಚೇರಿಯ ಬಾಡಿಗೆ ಪರೋಕ್ಷ. ಆದರೆ ಯೋಜನೆಯೊಂದಕ್ಕಾಗಿಯೇ ತಾಲ್ಲೂಕು ಕೇಂದ್ರದಲ್ಲಿ ಹಿಡಿದ ಮನೆಯ ಬಾಡಿಗೆ ನೇರ. ಸಂದೇಹ ಬಂದಾಗ, ಈ ಯೋಜನೆ ನಾಳೆ ನಿಂತುಹೋದರೆ ಈ ಖರ್ಚೂ ನಿಲ್ಲುತ್ತದೆಯೇ ಎಂದು ಕೇಳಿಕೊಳ್ಳುವುದು ನನ್ನ ಅಭ್ಯಾಸ. ನಿಲ್ಲುವುದಾದರೆ ಅದು ಬಹುಮಟ್ಟಿಗೆ ನೇರ ವೆಚ್ಚ. ಇಲ್ಲಿ ಮೀರಬಾರದ ನಿಯಮ ಒಂದೇ: ಒಂದೇ ಬಗೆಯ ಖರ್ಚನ್ನು ಒಂದೇ ಬಗೆಯ ಸಂದರ್ಭದಲ್ಲಿ ಎಲ್ಲ ದಾನಿಗಳಿಗೂ ಒಂದೇ ರೀತಿ ತೋರಿಸಬೇಕು. ಒಬ್ಬ ದಾನಿಯ ಬಜೆಟ್‌ನಲ್ಲಿ ಲೆಕ್ಕಿಗರ ಸಂಬಳದ ಪಾಲನ್ನು ನೇರ ವೆಚ್ಚವಾಗಿ ಬರೆದು, ಇನ್ನೊಬ್ಬರ ಬಜೆಟ್‌ನಲ್ಲಿ ಅದೇ ಲೆಕ್ಕಿಗರ ಪೂರ್ತಿ ಸಂಬಳವನ್ನು ಪರೋಕ್ಷದೊಳಗೆ ಸೇರಿಸಿದರೆ ಅದು ಒಂದೇ ರೂಪಾಯಿಯನ್ನು ಎರಡು ಕಡೆ ಕೇಳಿದಂತೆ. ಆಡಿಟ್‌ನಲ್ಲಿ ಇದು ಸಿಕ್ಕಿಬಿದ್ದರೆ ಹಣ ಹಿಂದಿರುಗಿಸುವುದಕ್ಕಿಂತ ಕಷ್ಟದ ಕೆಲಸ ನಂಬಿಕೆಯನ್ನು ಮರಳಿ ಗಳಿಸುವುದು.

ಇನ್ನು ಮುಂದಿನದನ್ನು ಅಂಕಿಗಳಲ್ಲೇ ನೋಡೋಣ. ಕೊಪ್ಪಳ ಜಿಲ್ಲೆಯಲ್ಲಿ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಕೆಲಸ ಮಾಡುವ ಒಂದು ಸಂಸ್ಥೆಯನ್ನು ಊಹಿಸಿಕೊಳ್ಳಿ. ಕಳೆದ ವರ್ಷ ಅದು ಮಾಡಿದ ಒಟ್ಟು ಖರ್ಚು ₹1,80,00,000. ಇದರಲ್ಲಿ ಯೋಜನೆಗಳಿಗೆ ಸೀದಾ ಸೇರಿದ್ದು ₹1,46,00,000: ಕ್ಷೇತ್ರ ಸಿಬ್ಬಂದಿಯ ಸಂಬಳ 78 ಲಕ್ಷ, ತರಬೇತಿ, ಪ್ರಯಾಣ ಮತ್ತು ಸಾಮಗ್ರಿ 41 ಲಕ್ಷ, ವಿದ್ಯಾರ್ಥಿವೇತನವಾಗಿ ಹಂಚಿದ ಮತ್ತು ದೇಶೀಯ ಹಣದಿಂದ ಪಾಲುದಾರ ಸಂಸ್ಥೆಗಳಿಗೆ ಕೊಟ್ಟ ಮೊತ್ತ 18 ಲಕ್ಷ, ವಾಹನ ಮತ್ತು ಉಪಕರಣ ಖರೀದಿ 9 ಲಕ್ಷ. ಉಳಿದ ₹34,00,000 ಎಲ್ಲಕ್ಕೂ ಸೇರಿದ ಖರ್ಚು. ಅದರ ವಿವರ ಹೀಗಿದೆ:

ನಿರ್ದೇಶಕರ ಸಂಬಳ 12,00,000
ಲೆಕ್ಕ ಮತ್ತು ಸಿಬ್ಬಂದಿ ವಿಭಾಗದ ಇಬ್ಬರ ಸಂಬಳ 9,60,000
ಕಚೇರಿ ಬಾಡಿಗೆ 4,80,000
ವಿದ್ಯುತ್, ಇಂಟರ್‌ನೆಟ್, ಫೋನ್ 1,80,000
ಕಚೇರಿ ಸಲಕರಣೆಗಳ ಸವಕಳಿ (ಬಳಕೆಯಿಂದ ವರ್ಷದಲ್ಲಿ ಇಳಿದ ಬೆಲೆ) 1,80,000
ಆಡಿಟ್ ಶುಲ್ಕ 1,50,000
ದೇಣಿಗೆ ಸಂಗ್ರಹದ ಪ್ರಚಾರ 1,40,000
ಲೆಕ್ಕದ ತಂತ್ರಾಂಶ ಮತ್ತು ವಿಮೆ 90,000
ತಡವಾಗಿ ರಿಟರ್ನ್ ಸಲ್ಲಿಸಿದ ದಂಡ 20,000

ಎರಡನೆಯ ಹೆಜ್ಜೆ: ಪರೋಕ್ಷದ ಪಟ್ಟಿಯನ್ನು ಶುದ್ಧಗೊಳಿಸುವುದು

ಈ 34 ಲಕ್ಷವನ್ನು ಹಾಗೇ ತೆಗೆದುಕೊಂಡು ಭಾಗಿಸುವುದು ತಪ್ಪು. ಪ್ರತಿ ಸಾಲನ್ನೂ ನಿಲ್ಲಿಸಿ ಪ್ರಶ್ನಿಸಬೇಕು.

ದಂಡದ 20,000 ಮೊದಲು ಹೊರಗೆ ಹೋಗಬೇಕು. ನಮ್ಮ ತಪ್ಪಿನಿಂದ ಆದ ಖರ್ಚನ್ನು ಯಾವ ದಾನಿಯೂ ಭರಿಸುವುದಿಲ್ಲ; ಅದಕ್ಕೆ ಸಂಸ್ಥೆಯ ಸ್ವಂತ ಹಣವೇ ಗತಿ. ಸವಕಳಿಯ 1,80,000ದಲ್ಲಿ 60,000 ರೂಪಾಯಿ ಹಿಂದೆ ದಾನಿಯೊಬ್ಬರ ಹಣದಿಂದಲೇ ಕೊಂಡ ಕಂಪ್ಯೂಟರುಗಳದ್ದು ಎಂದುಕೊಳ್ಳಿ. ಆ ಕಂಪ್ಯೂಟರುಗಳ ಬೆಲೆಯನ್ನು ಒಮ್ಮೆ ಅನುದಾನದಿಂದ ಪಡೆದಾಗಿದೆ; ಸವಕಳಿಯ ರೂಪದಲ್ಲಿ ಮತ್ತೊಮ್ಮೆ ಪಡೆಯಲಾಗದು. ಅದನ್ನೂ ತೆಗೆಯಿರಿ, ಉಳಿಯುವುದು 1,20,000. ಬಹಳ ಸಂಸ್ಥೆಗಳು ಇದನ್ನು ಗಮನಿಸುವುದೇ ಇಲ್ಲ.

ದೇಣಿಗೆ ಸಂಗ್ರಹದ 1,40,000 ಸ್ವಲ್ಪ ಸೂಕ್ಷ್ಮ. ಅಮೆರಿಕದ ಸರ್ಕಾರಿ ಅನುದಾನಗಳ ನಿಯಮದಲ್ಲಿ ದೇಣಿಗೆ ಸಂಗ್ರಹದ ಖರ್ಚಿಗೆ ಅವಕಾಶವಿಲ್ಲ. ಕೆಲವು ಖಾಸಗಿ ಪ್ರತಿಷ್ಠಾನಗಳು ಅದನ್ನು ಒಪ್ಪುತ್ತವೆ. ಸುರಕ್ಷಿತ ದಾರಿ ಎಂದರೆ ಅದನ್ನು ಪರೋಕ್ಷದ ಪಟ್ಟಿಯಿಂದ ತೆಗೆದು, ಸಂಸ್ಥೆಯ ಮತ್ತೊಂದು ಚಟುವಟಿಕೆ ಎಂಬಂತೆ ನೇರ ವೆಚ್ಚದ ಕಡೆಗೆ ಸೇರಿಸುವುದು. ಆ ಚಟುವಟಿಕೆಯೂ ಕಚೇರಿಯನ್ನು, ಲೆಕ್ಕಿಗರನ್ನು ಬಳಸಿಕೊಳ್ಳುವುದರಿಂದ ಪರೋಕ್ಷ ವೆಚ್ಚದಲ್ಲಿ ತನ್ನ ಪಾಲನ್ನು ಹೊರಬೇಕು. ಪೂರ್ತಿ ಅಳಿಸಿಬಿಟ್ಟರೆ ಆ ಪಾಲು ಇತರ ದಾನಿಗಳ ಮೇಲೆ ಬೀಳುತ್ತದೆ.

ನಿರ್ದೇಶಕರ ಸಂಬಳದ ವಿಷಯದಲ್ಲಿ ಟೈಮ್‌ಶೀಟ್ ಮಾತಾಡಬೇಕು. ನಮ್ಮ ಉದಾಹರಣೆಯ ನಿರ್ದೇಶಕರು ವರ್ಷದ ಶೇ 40 ಸಮಯವನ್ನು ನಿರ್ದಿಷ್ಟ ಯೋಜನೆಗಳ ಕ್ಷೇತ್ರ ಮೇಲ್ವಿಚಾರಣೆಯಲ್ಲಿ ಕಳೆದಿದ್ದಾರೆ. ಅಷ್ಟು ಭಾಗ, ಅಂದರೆ 4,80,000, ನೇರ ವೆಚ್ಚಕ್ಕೆ ಹೋಗುತ್ತದೆ. 7,20,000 ಪರೋಕ್ಷದಲ್ಲಿ ಉಳಿಯುತ್ತದೆ. ಟೈಮ್‌ಶೀಟ್ ಇಲ್ಲದೆ ‘ಸುಮಾರು ಅರ್ಧ’ ಎಂದು ಬರೆಯುವುದಕ್ಕಿಂತ ಪೂರ್ತಿಯಾಗಿ ಪರೋಕ್ಷದಲ್ಲೇ ಇಡುವುದು ಮೇಲು, ಏಕೆಂದರೆ ದಾಖಲೆಯಿಲ್ಲದ ಹಂಚಿಕೆ ಆಡಿಟರ ಮುಂದೆ ನಿಲ್ಲುವುದಿಲ್ಲ. ಇನ್ನು ಕಚೇರಿ ಕಟ್ಟಡದ ಕಾಲುಭಾಗ ಒಂದೇ ಯೋಜನೆಯ ತರಬೇತಿ ಕೊಠಡಿಯಾಗಿದೆ. ಚದರ ಅಡಿ ಅಳೆದು, ಬಾಡಿಗೆಯಲ್ಲಿ 1,20,000ವನ್ನೂ ವಿದ್ಯುತ್ ಮತ್ತಿತರ ಸಾಲಿನಲ್ಲಿ 45,000ವನ್ನೂ ನೇರಕ್ಕೆ ಸರಿಸುತ್ತೇವೆ. ಯಾವ ಖರ್ಚಿಗೆ ಯಾವ ಅಳತೆ ಎಂಬುದನ್ನು ಒಮ್ಮೆ ನಿರ್ಧರಿಸಿ ಬರೆದಿಡಬೇಕು: ಬಾಡಿಗೆಗೆ ಚದರ ಅಡಿ, ಜನರಿಗೆ ಸಮಯ, ಇಂಟರ್‌ನೆಟ್ ಮತ್ತು ಫೋನಿಗೆ ಸಿಬ್ಬಂದಿಯ ಸಂಖ್ಯೆ, ಲೆಕ್ಕದ ಕೆಲಸಕ್ಕೆ ಬೇಕಾದರೆ ವೋಚರುಗಳ (ಪಾವತಿಯ ದಾಖಲೆ ಚೀಟಿಗಳ) ಸಂಖ್ಯೆ. ನಮ್ಮ ಉದಾಹರಣೆಯಲ್ಲಿ ಸರಳತೆಗಾಗಿ ವಿದ್ಯುತ್ ಸಾಲಿಗೂ ಚದರ ಅಡಿಯನ್ನೇ ಬಳಸಿದ್ದೇವೆ.

ಈಗ ಪರೋಕ್ಷದಲ್ಲಿ ಉಳಿದಿರುವುದು: ನಿರ್ದೇಶಕರು 7,20,000, ಲೆಕ್ಕ ಮತ್ತು ಸಿಬ್ಬಂದಿ ವಿಭಾಗ 9,60,000, ಬಾಡಿಗೆ 3,60,000, ವಿದ್ಯುತ್ ಇತ್ಯಾದಿ 1,35,000, ಆಡಿಟ್ 1,50,000, ತಂತ್ರಾಂಶ ಮತ್ತು ವಿಮೆ 90,000, ಸವಕಳಿ 1,20,000. ಒಟ್ಟು ₹25,35,000. 34 ಲಕ್ಷ ಎಂದು ಆರಂಭಿಸಿದ್ದು ಇಷ್ಟಕ್ಕೆ ಇಳಿದಿದೆ.

ಮೂರನೆಯ ಹೆಜ್ಜೆ: ಆಧಾರ ಮೊತ್ತವನ್ನು ಗೊತ್ತುಮಾಡುವುದು

ಇಡೀ ಲೆಕ್ಕದಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. ದರ ಎಂದರೆ ಒಂದು ಭಾಗಾಕಾರ. ಮೇಲಿನ ಸಂಖ್ಯೆಯಷ್ಟೇ ಕೆಳಗಿನ ಸಂಖ್ಯೆಯೂ ಮುಖ್ಯ. ಕೆಳಗಿನ ಸಂಖ್ಯೆಯನ್ನು ಆಧಾರ ಮೊತ್ತ ಎಂದು ಕರೆಯೋಣ.

ನೇರ ವೆಚ್ಚ ಈಗ 1,46,00,000ಕ್ಕೆ ನಿರ್ದೇಶಕರ 4,80,000, ಬಾಡಿಗೆಯ 1,20,000, ವಿದ್ಯುತ್ತಿನ 45,000, ದೇಣಿಗೆ ಸಂಗ್ರಹದ 1,40,000 ಸೇರಿ ₹1,53,85,000 ಆಗಿದೆ. ಇದನ್ನು ಪೂರ್ತಿಯಾಗಿ ಆಧಾರವಾಗಿ ಹಿಡಿಯಬಹುದು. ಆದರೆ ಅದರೊಳಗಿನ ಕೆಲವು ದೊಡ್ಡ ಮೊತ್ತಗಳು ಕಚೇರಿಗೆ ಹೆಚ್ಚು ಕೆಲಸ ಕೊಡುವುದಿಲ್ಲ. ಒಂಬತ್ತು ಲಕ್ಷದ ವಾಹನ ಕೊಳ್ಳುವುದು ನಾಲ್ಕಾರು ವೋಚರುಗಳ ಕೆಲಸ. ಅದೇ ಒಂಬತ್ತು ಲಕ್ಷವನ್ನು ಇಪ್ಪತ್ತು ಜನರ ಸಂಬಳವಾಗಿ ಕೊಡುವಾಗ ಭವಿಷ್ಯನಿಧಿ, ರಜೆ, ತೆರಿಗೆ ಕಡಿತ, ಟೈಮ್‌ಶೀಟ್ ಎಂದು ವರ್ಷವಿಡೀ ದುಡಿಮೆ ಇರುತ್ತದೆ. ಹಾಗೆಯೇ ವಿದ್ಯಾರ್ಥಿವೇತನವೂ ಪಾಲುದಾರರಿಗೆ ಕೊಡುವ ಹಣವೂ ನಮ್ಮ ಕೈದಾಟಿ ಹೋಗುವಂಥವು. ಇವನ್ನು ಕಳೆದು ಉಳಿಯುವುದನ್ನು ಪರಿಷ್ಕೃತ ನೇರ ವೆಚ್ಚ ಎನ್ನುತ್ತೇವೆ. ನಮ್ಮ ಉದಾಹರಣೆಯಲ್ಲಿ 1,53,85,000ದಿಂದ ಈ 9 ಲಕ್ಷ ಮತ್ತು 18 ಲಕ್ಷ, ಒಟ್ಟು 27 ಲಕ್ಷ ಕಳೆದರೆ ₹1,26,85,000.

ಅಮೆರಿಕದ ಸರ್ಕಾರಿ ಅನುದಾನಗಳು ಬಳಸುವುದು ಈ ಬಗೆಯ ಪರಿಷ್ಕೃತ ಆಧಾರವನ್ನೇ. ಉಪಕರಣ, ಬಂಡವಾಳ ವೆಚ್ಚ, ಬಾಡಿಗೆ, ವಿದ್ಯಾರ್ಥಿವೇತನ, ತರಬೇತಿಗೆ ಬರುವವರ ಭತ್ಯೆ ಮತ್ತು ಪ್ರಯಾಣ ಇವೆಲ್ಲ ಅಲ್ಲಿ ಆಧಾರದಿಂದ ಹೊರಗೆ. ಪ್ರತಿ ಉಪ-ಅನುದಾನದಲ್ಲಿ (ಪಾಲುದಾರ ಸಂಸ್ಥೆಗೆ ದಾಟಿಸುವ ಅನುದಾನದಲ್ಲಿ) ಮೊದಲ 50,000 ಡಾಲರ್ ಮಾತ್ರ ಒಳಗೆ, ಉಳಿದದ್ದು ಹೊರಗೆ. ಬಾಡಿಗೆಯೂ ಹೊರಗಿದೆ ಎಂಬುದನ್ನು ನೋಡಿ. ನಮ್ಮ ಸರಳ ಉದಾಹರಣೆಯಲ್ಲಿ ಅದನ್ನು ಒಳಗೇ ಬಿಟ್ಟಿದ್ದೇವೆ. ದಾನಿಯ ವ್ಯಾಖ್ಯಾನವನ್ನು ಪದ ಪದವಾಗಿ ಓದಬೇಕೆನ್ನುವುದು ಇದಕ್ಕಾಗಿಯೇ.

ನಾಲ್ಕನೆಯ ಹೆಜ್ಜೆ: ದರ

ಅದೇ ₹25,35,000ವನ್ನು ಮೂರು ಆಧಾರಗಳಿಂದ ಭಾಗಿಸಿ ನೋಡಿ. ಪರಿಷ್ಕೃತ ನೇರ ವೆಚ್ಚದ ಮೇಲೆ ದರ ಶೇ 19.98. ಪೂರ್ತಿ ನೇರ ವೆಚ್ಚದ ಮೇಲೆ ಶೇ 16.48. ನೇರ ಮತ್ತು ಪರೋಕ್ಷ ಸೇರಿದ ಒಟ್ಟು ವೆಚ್ಚದ, ಅಂದರೆ ₹1,79,20,000ದ, ಮೇಲೆ ಶೇ 14.15. ಹಣ ಒಂದೇ, ದರ ಮೂರು. ಇವುಗಳಲ್ಲಿ ಯಾವುದೂ ಸುಳ್ಳಲ್ಲ; ಆದರೆ ಆಧಾರವನ್ನು ಹೇಳದೆ ‘ನಮ್ಮ ಪರೋಕ್ಷ ವೆಚ್ಚ ಶೇ 16’ ಎಂದು ಬರೆದ ವಾಕ್ಯಕ್ಕೆ ಅರ್ಥವೇ ಇಲ್ಲ. ಇಬ್ಬರು ದಾನಿಗಳಲ್ಲಿ ಒಬ್ಬರು ಶೇ 15, ಇನ್ನೊಬ್ಬರು ಶೇ 18 ಕೊಡುತ್ತಾರೆಂದಾಗ ಎರಡನೆಯವರೇ ಉದಾರಿಗಳು ಎಂದು ನಿರ್ಧರಿಸುವ ಮುನ್ನ ಯಾವುದರ ಮೇಲೆ ಎಂದು ಕೇಳಬೇಕು.

ಕಳೆದ ವರ್ಷದ ದರ ಮುಂದಿನ ವರ್ಷಕ್ಕೆ ಹಾಗೇ ಹೊಂದುವುದಿಲ್ಲ ಎಂಬುದೂ ನೆನಪಿರಲಿ. ಪರೋಕ್ಷ ವೆಚ್ಚ ಯೋಜನೆಗಳಷ್ಟು ವೇಗವಾಗಿ ಬೆಳೆಯುವುದಿಲ್ಲ. ಹೊಸ ಅನುದಾನಗಳು ಬಂದು ಪರಿಷ್ಕೃತ ಆಧಾರ 1,60,00,000ಕ್ಕೆ ಏರಿ, ಪರೋಕ್ಷ ವೆಚ್ಚ ಎರಡು ಲಕ್ಷ ಮಾತ್ರ ಹೆಚ್ಚಿ 27,35,000 ಆದರೆ ದರ ಶೇ 17.09ಕ್ಕೆ ಇಳಿಯುತ್ತದೆ. ದೊಡ್ಡ ಯೋಜನೆಯೊಂದು ಮುಗಿದುಹೋಗುವ ವರ್ಷದಲ್ಲಿ ಇದರ ತಿರುಗುಮುರುಗು ಆಗುತ್ತದೆ, ಮತ್ತು ಸಂಸ್ಥೆಗಳು ಕುಸಿಯುವುದು ಆ ವರ್ಷದಲ್ಲೇ. ವರ್ಷದಿಂದ ವರ್ಷಕ್ಕೆ ಏರಿಳಿತ ಜಾಸ್ತಿಯಿದ್ದರೆ ಮೂರು ವರ್ಷದ ಸರಾಸರಿ ಹಿಡಿಯುವುದು ಒಳ್ಳೆಯದು.

ಐದನೆಯ ಹೆಜ್ಜೆ: ಹೊಸ ಬಜೆಟ್‌ಗೆ ಅನ್ವಯಿಸುವುದು

ಹೊಸ ಪ್ರಸ್ತಾವದಲ್ಲಿ ಸಿಬ್ಬಂದಿ 22 ಲಕ್ಷ, ಚಟುವಟಿಕೆ 11 ಲಕ್ಷ, ಉಪಕರಣ 3 ಲಕ್ಷ, ವಿದ್ಯಾರ್ಥಿವೇತನ 4 ಲಕ್ಷ, ಒಟ್ಟು ನೇರ ವೆಚ್ಚ 40 ಲಕ್ಷ ಇದೆ ಎಂದುಕೊಳ್ಳಿ. ಶೇ 19.98ನ್ನು ಅದರ ಸರಿಯಾದ ಆಧಾರವಾದ 33 ಲಕ್ಷದ ಮೇಲೆ ಹಾಕಿದರೆ ₹6,59,340. ಶೇ 16.48ನ್ನು 40 ಲಕ್ಷದ ಮೇಲೆ ಹಾಕಿದರೆ ₹6,59,200. ಹೆಚ್ಚುಕಡಿಮೆ ಒಂದೇ, ಏಕೆಂದರೆ ಈ ಯೋಜನೆಯಲ್ಲಿ ಉಪಕರಣ ಮತ್ತು ವಿದ್ಯಾರ್ಥಿವೇತನದ ಪ್ರಮಾಣ ಇಡೀ ಸಂಸ್ಥೆಯಲ್ಲಿ ಅಂಥ ಮೊತ್ತಗಳಿಗಿರುವ ಪ್ರಮಾಣದಷ್ಟೇ ಇದೆ. ಅದೇ 40 ಲಕ್ಷದಲ್ಲಿ 20 ಲಕ್ಷ ಉಪಕರಣವೇ ಆಗಿದ್ದರೆ ಮೊದಲ ವಿಧಾನದಲ್ಲಿ ₹3,99,600 ಬರುತ್ತದೆ, ಎರಡನೆಯದರಲ್ಲಿ ಅದೇ ₹6,59,200.

ದರವನ್ನು ಒಂದು ಆಧಾರದಿಂದ ತೆಗೆದು ಇನ್ನೊಂದರ ಮೇಲೆ ಹಾಕಿದರೆ ಏನಾಗುತ್ತದೆ ನೋಡಿ. ಶೇ 19.98ನ್ನು ಪೂರ್ತಿ 40 ಲಕ್ಷದ ಮೇಲೆ ಹಾಕಿದರೆ ₹7,99,200. ನಮಗೆ ಸಲ್ಲದ ₹1,39,860 ಹೆಚ್ಚು ಕೇಳಿದಂತಾಯಿತು. ಒಟ್ಟು ವೆಚ್ಚದ ಮೇಲಿನ ಶೇ 14.15ನ್ನು ನೇರ ವೆಚ್ಚದ ಮೇಲೆ ಹಾಕಿದರೆ ₹5,66,000. ನಾವಾಗಿಯೇ ₹93,340 ಬಿಟ್ಟುಕೊಟ್ಟಂತಾಯಿತು. ಒಟ್ಟು ಬಜೆಟ್‌ನ ಶೇಕಡಾವಾರು ಎಂದು ಹೇಳಿದಾಗ ನೇರ ವೆಚ್ಚವನ್ನು ಒಂದರಿಂದ ದರ ಕಳೆದ ಸಂಖ್ಯೆಯಿಂದ ಭಾಗಿಸಬೇಕು: 40,00,000ವನ್ನು 0.8585ರಿಂದ ಭಾಗಿಸಿದರೆ ಒಟ್ಟು ₹46,59,289, ಅದರಲ್ಲಿ ಪರೋಕ್ಷ ₹6,59,289. ಲೆಕ್ಕ ಮತ್ತೆ ಅದೇ ಜಾಗಕ್ಕೆ ಬಂತು.

ದಾನಿ ಒಟ್ಟು ಮೊತ್ತವನ್ನೇ ಮೊದಲು ಗೊತ್ತುಮಾಡಿ, ‘50 ಲಕ್ಷದೊಳಗೆ ಎಲ್ಲವೂ, ನೇರ ವೆಚ್ಚದ ಶೇ 15 ಪರೋಕ್ಷ’ ಎಂದಾಗ ಹಿಮ್ಮುಖವಾಗಿ ಹೋಗಬೇಕು. 50,00,000ವನ್ನು 1.15ರಿಂದ ಭಾಗಿಸಿ, ನೇರ ವೆಚ್ಚ ₹43,47,826, ಪರೋಕ್ಷ ₹6,52,174. ಅವಸರದಲ್ಲಿ 50 ಲಕ್ಷದ ಶೇ 15 ಎಂದು ₹7,50,000 ಬರೆದರೆ ನೇರ ವೆಚ್ಚ ₹42,50,000 ಆಗಿ, ನಿಜವಾದ ದರ ಶೇ 17.65ಕ್ಕೆ ಏರುತ್ತದೆ. ಬಜೆಟ್ ಪರಿಶೀಲಿಸುವವರು ಮೊದಲು ಒತ್ತಿನೋಡುವುದು ಈ ಕೋಶವನ್ನೇ.

ಆರನೆಯ ಹೆಜ್ಜೆ: ದಾನಿಯ ನಿಯಮದ ಜೊತೆ ಹೋಲಿಸುವುದು

ದಾನಿಗಳ ನಡುವಿನ ವ್ಯತ್ಯಾಸ ದೊಡ್ಡದು. ಅಮೆರಿಕದ ಸರ್ಕಾರದೊಂದಿಗೆ ಮಾತುಕತೆಯಾಡಿ ಗೊತ್ತುಮಾಡಿಕೊಂಡ ದರವಿಲ್ಲದ ಸಂಸ್ಥೆಗಳು ಅಲ್ಲಿನ ಸರ್ಕಾರಿ ಅನುದಾನಗಳಲ್ಲಿ ಪರಿಷ್ಕೃತ ಆಧಾರದ ಮೇಲೆ ಶೇ 15ರವರೆಗೆ ಕೇಳಬಹುದು. 2024ರ ಅಕ್ಟೋಬರ್ 1ಕ್ಕೆ ಮುಂಚೆ ಇದು ಶೇ 10 ಇತ್ತು, ಉಪ-ಅನುದಾನದ ಮಿತಿ 25,000 ಡಾಲರ್ ಇತ್ತು. ಹಳೆಯ ಎಕ್ಸೆಲ್ ಹಾಳೆಗಳಲ್ಲಿ ಈ ಹಳೆಯ ಅಂಕಿಗಳು ಇನ್ನೂ ಕುಳಿತಿರುತ್ತವೆ, ಆದ್ದರಿಂದ ನಕಲು ಮಾಡುವಾಗ ಎಚ್ಚರ ಬೇಕು. ಯುರೋಪಿಯನ್ ಒಕ್ಕೂಟದ ಹೊರೈಜನ್ ಯುರೋಪ್ ಸಂಶೋಧನಾ ಅನುದಾನಗಳು ಶೇ 25ನ್ನು ಏಕರೂಪವಾಗಿ ಕೊಡುತ್ತವೆ, ಆದರೆ ಆಧಾರದಿಂದ ಉಪಗುತ್ತಿಗೆಯನ್ನು ಕಳೆಯುತ್ತವೆ. ಅದೇ ಒಕ್ಕೂಟದ ಅಭಿವೃದ್ಧಿ ಅನುದಾನಗಳಲ್ಲಿ ಮಿತಿ ಶೇ 7. ಗೇಟ್ಸ್ ಪ್ರತಿಷ್ಠಾನದ ನೀತಿಯಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಗರಿಷ್ಠ ಶೇ 15. ಇದು ಗರಿಷ್ಠ ಮಾತ್ರ. ನಿಮ್ಮ ನಿಜವಾದ ದರ ಶೇ 11 ಆಗಿದ್ದರೆ ಕೇಳಬೇಕಾದದ್ದು 11.

ನಮ್ಮ ಉದಾಹರಣೆಯ ಪ್ರಸ್ತಾವಕ್ಕೆ ದಾನಿ ನೇರ ವೆಚ್ಚದ ಶೇ 10 ಮಾತ್ರ ಕೊಡುವುದಾದರೆ ಬರುವುದು ₹4,00,000. ಬೇಕಾದದ್ದು ₹6,59,340. ಕೊರತೆ ₹2,59,340. ಈ ಸಂಖ್ಯೆಯನ್ನು ಅರ್ಜಿ ಕಳುಹಿಸುವ ಮೊದಲೇ ಆಡಳಿತ ಮಂಡಳಿಯ ಮುಂದೆ ಇಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕೊರತೆಯನ್ನು ಯಾವ ನಿಧಿಯಿಂದ ತುಂಬುತ್ತೇವೆ ಎಂದು ಠರಾವು ಬರೆದು ಒಪ್ಪಿಕೊಳ್ಳುವುದು ಒಂದು ದಾರಿ. ನ್ಯಾಯವಾಗಿ ನೇರ ವೆಚ್ಚವಾಗಬಲ್ಲದ್ದನ್ನು ನೇರವಾಗಿ ಬರೆಯುವುದು ಇನ್ನೊಂದು: ಆ ಯೋಜನೆಗೆಂದೇ ನೇಮಿಸಿದ ಲೆಕ್ಕ ಸಹಾಯಕರು, ದಾನಿ ಕೇಳಿದ ಪ್ರತ್ಯೇಕ ಆಡಿಟ್‌ನ ಶುಲ್ಕ, ಯೋಜನೆಯ ಕಚೇರಿಯ ಬಾಡಿಗೆ. ಹೀಗೆ ಬರೆದ ಮೇಲೆ ಅದೇ ಖರ್ಚು ಪರೋಕ್ಷದ ಪಟ್ಟಿಯಲ್ಲಿ ಉಳಿಯಬಾರದು. ಮೂರನೆಯ ದಾರಿ, ಲೆಕ್ಕದ ಹಾಳೆಯನ್ನು ದಾನಿಯ ಮುಂದಿಟ್ಟು ಹೆಚ್ಚಿನ ದರ ಕೇಳುವುದು. ಹಿಂಜರಿಯಬೇಡಿ. ಕೊರತೆಯನ್ನು ಮುಚ್ಚಿಟ್ಟು ತರಬೇತಿಯ ಸಾಲಿನಲ್ಲೋ ಪ್ರಯಾಣದ ಸಾಲಿನಲ್ಲೋ ಮೊತ್ತ ಉಬ್ಬಿಸುವುದು ಮಾತ್ರ ಎಂದಿಗೂ ಸಲ್ಲದು.

ಏಳನೆಯ ಹೆಜ್ಜೆ: ವಿದೇಶಿ ಹಣವಾದರೆ ಕಾನೂನಿನ ಮಿತಿ

ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ 2010, ಅಂದರೆ ಎಲ್ಲರೂ ಹೇಳುವ ಎಫ್‌ಸಿಆರ್‌ಎ, ತನ್ನ 8ನೇ ಸೆಕ್ಷನ್‌ನಲ್ಲಿ ಆಡಳಿತ ವೆಚ್ಚಕ್ಕೆ ಮಿತಿ ಹಾಕಿದೆ. ಮೊದಲು ಶೇ 50 ಇದ್ದ ಈ ಮಿತಿ 2020ರ ತಿದ್ದುಪಡಿಯಿಂದ ಶೇ 20ಕ್ಕೆ ಇಳಿಯಿತು. ಆಧಾರ ಮೊತ್ತ ಆ ಹಣಕಾಸು ವರ್ಷದಲ್ಲಿ ಸ್ವೀಕರಿಸಿದ ವಿದೇಶಿ ದೇಣಿಗೆ. ಮಿತಿ ಮೀರಬೇಕಾದರೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಅದೇ ತಿದ್ದುಪಡಿ ವಿದೇಶಿ ದೇಣಿಗೆಯನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ನಿಷೇಧಿಸಿರುವುದರಿಂದ, ವಿದೇಶಿ ಹಣದ ಬಜೆಟ್‌ನಲ್ಲಿ ಪಾಲುದಾರ ಸಂಸ್ಥೆಗೆ ಉಪ-ಅನುದಾನ ಎಂಬ ಸಾಲೇ ಇರಕೂಡದು.

ಇಲ್ಲಿ ಅರ್ಥಮಾಡಿಕೊಳ್ಳಬೇಕಾದ ಮುಖ್ಯ ವಿಷಯವೆಂದರೆ, ಕಾಯ್ದೆಯ ‘ಆಡಳಿತ ವೆಚ್ಚ’ವೂ ನಮ್ಮ ‘ಪರೋಕ್ಷ ವೆಚ್ಚ’ವೂ ಒಂದೇ ಅಲ್ಲ. ನಾವು ಖರ್ಚು ಯಾವ ಯೋಜನೆಗೆ ಸೇರಿತು ಎಂದು ನೋಡುತ್ತೇವೆ. 2011ರ ನಿಯಮಾವಳಿಯ 5ನೇ ನಿಯಮ ಖರ್ಚಿನ ಸ್ವಭಾವವನ್ನು ನೋಡುತ್ತದೆ. ಆಡಳಿತ ಮಂಡಳಿಯವರ ಸಂಬಳ ಮತ್ತು ಪ್ರಯಾಣ, ನಿರ್ವಹಣೆಗಾಗಿ ನೇಮಿಸಿದ ಸಿಬ್ಬಂದಿ, ವಿದ್ಯುತ್, ನೀರು, ಫೋನ್, ಅಂಚೆ, ಲೇಖನ ಸಾಮಗ್ರಿ, ಕಚೇರಿ ಸಲಕರಣೆ, ಲೆಕ್ಕಪತ್ರ ನಿರ್ವಹಣೆ, ವಾಹನಗಳ ಓಡಾಟ ಮತ್ತು ದುರಸ್ತಿ, ವರದಿ ಬರೆದು ಸಲ್ಲಿಸುವುದು, ಕಾನೂನು ಮತ್ತು ವೃತ್ತಿಪರರ ಶುಲ್ಕ, ಕಟ್ಟಡದ ಬಾಡಿಗೆ ಇವೆಲ್ಲ ಆ ಪಟ್ಟಿಯಲ್ಲಿವೆ. ಸಂಸ್ಥೆಯ ಉದ್ದೇಶದ ಈಡೇರಿಕೆಗೆ ನೇರವಾಗಿ ಆಗುವ ಖರ್ಚು, ಉದಾಹರಣೆಗೆ ಆಸ್ಪತ್ರೆಯ ವೈದ್ಯರ ಅಥವಾ ಶಾಲೆಯ ಶಿಕ್ಷಕರ ಸಂಬಳ, ಲೆಕ್ಕಕ್ಕೆ ಬರುವುದಿಲ್ಲ. ಸಂಶೋಧನೆ ಅಥವಾ ತರಬೇತಿಯೇ ಮುಖ್ಯ ಕೆಲಸವಾಗಿರುವ ಸಂಸ್ಥೆಯಲ್ಲಿ ತರಬೇತುದಾರರ ಮತ್ತು ಕ್ಷೇತ್ರದ ಮಾಹಿತಿ ಕಲೆಹಾಕುವವರ ಸಂಬಳಕ್ಕೂ ಇದೇ ವಿನಾಯಿತಿ ಇದೆ.

ಇದರ ಪರಿಣಾಮ ಏನೆಂದು ಅಂಕಿಯಲ್ಲಿ ನೋಡಿ. ನಮ್ಮ ಪ್ರಸ್ತಾವದ ಪೂರ್ತಿ ₹46,59,340ವನ್ನೂ ಒಬ್ಬ ವಿದೇಶಿ ದಾನಿ ಒಂದೇ ವರ್ಷದಲ್ಲಿ ಕೊಟ್ಟರು, ಆ ವರ್ಷ ಬೇರೆ ವಿದೇಶಿ ಹಣ ಬರಲಿಲ್ಲ ಎಂದುಕೊಳ್ಳಿ. ಶೇ 20 ಎಂದರೆ ₹9,31,868. ಪರೋಕ್ಷ ವೆಚ್ಚ ₹6,59,340 ಇರುವುದರಿಂದ ಇನ್ನೂ ಜಾಗವಿದೆ ಎಂದು ತೋರುತ್ತದೆ. ಆದರೆ ನೇರ ವೆಚ್ಚದೊಳಗೆ ಯೋಜನೆಯ ಲೆಕ್ಕಿಗರ ಸಂಬಳ 2,40,000, ಯೋಜನಾ ಕಚೇರಿಯ ಬಾಡಿಗೆ 1,20,000, ವಾಹನದ ಇಂಧನ ಮತ್ತು ದುರಸ್ತಿ 1,50,000 ಇದ್ದರೆ, ಸ್ವಭಾವದ ದೃಷ್ಟಿಯಿಂದ ಇವೂ ಆಡಳಿತ ವೆಚ್ಚದ ಪಟ್ಟಿಗೇ ಸೇರುವಂಥವು. ಒಟ್ಟು ₹11,69,340, ಮಿತಿಗಿಂತ ₹2,37,472 ಹೆಚ್ಚು. ದಾನಿ ಸಂತೋಷದಿಂದ ಒಪ್ಪಿದ ಬಜೆಟ್ ಕಾಯ್ದೆಯನ್ನು ಮೀರಿತು. ಹಿಂದಿನ ಹೆಜ್ಜೆಯಲ್ಲಿ ಕೊರತೆ ತುಂಬಲು ಖರ್ಚುಗಳನ್ನು ನೇರ ವೆಚ್ಚಕ್ಕೆ ಸರಿಸಿದವರು ಇಲ್ಲಿ ಎಡವುತ್ತಾರೆ. ಆದ್ದರಿಂದ ವಿದೇಶಿ ಹಣದ ಬಜೆಟ್‌ನ ಪ್ರತಿ ಸಾಲಿನ ಪಕ್ಕದಲ್ಲಿ ‘ನಿಯಮ 5ರ ಪ್ರಕಾರ ಆಡಳಿತ: ಹೌದು/ಅಲ್ಲ’ ಎಂಬ ಹೆಚ್ಚುವರಿ ಕಾಲಂ ಇಟ್ಟು, ಸಂದೇಹವಿರುವ ಸಾಲುಗಳನ್ನು ನಿಮ್ಮ ಚಾರ್ಟರ್ಡ್ ಅಕೌಂಟೆಂಟರಿಂದ ಒಪ್ಪಿಸಿಕೊಳ್ಳಿ. ಆಧಾರ ಆ ವರ್ಷ ಸ್ವೀಕರಿಸಿದ ಹಣವಾದ್ದರಿಂದ, ಎರಡು ವರ್ಷದ ಹಣ ಮಾರ್ಚ್ ಕೊನೆಯಲ್ಲಿ ಒಟ್ಟಿಗೆ ಬಂದರೆ ಮುಂದಿನ ವರ್ಷದ ಆಧಾರ ಬರಿದಾಗುತ್ತದೆ. ಕಂತುಗಳ ವೇಳಾಪಟ್ಟಿಯನ್ನು ಒಪ್ಪಂದ ಮಾಡಿಕೊಳ್ಳುವಾಗಲೇ ಇದಕ್ಕೆ ತಕ್ಕಂತೆ ಕೇಳಬೇಕು.

ಇನ್ನೊಂದು ಅಪಾಯ ಬ್ಯಾಂಕಿನ ಹಂತದಲ್ಲಿದೆ. ದೇಶೀಯ ಅನುದಾನದಲ್ಲಿ ಪರೋಕ್ಷ ವೆಚ್ಚದ ಮೊತ್ತವನ್ನು ಒಟ್ಟಾಗಿ ಸಾಮಾನ್ಯ ಖಾತೆಗೆ ವರ್ಗಾಯಿಸುವ ರೂಢಿ ಇದೆ. ವಿದೇಶಿ ದೇಣಿಗೆಗೆ ಅದು ನಡೆಯದು. ಆ ಹಣ ದೇಶೀಯ ಹಣದೊಂದಿಗೆ ಬೆರೆಯಬಾರದು. ಪ್ರತಿ ತಿಂಗಳ ಬಾಡಿಗೆ, ವಿದ್ಯುತ್, ಸಂಬಳದ ಬಿಲ್ಲುಗಳಲ್ಲಿ ಆ ಯೋಜನೆಯ ಪಾಲನ್ನು ಎಫ್‌ಸಿಆರ್‌ಎ ಖಾತೆಯಿಂದಲೇ ಪಾವತಿಸಿ, ಹಂಚಿಕೆಯ ಟಿಪ್ಪಣಿಯನ್ನು ವೋಚರಿಗೆ ಲಗತ್ತಿಸಬೇಕು. ಏಕರೂಪ ದರ ಕೊಡುವ ದಾನಿ ವೋಚರ್ ಕೇಳದಿರಬಹುದು, ಆದರೆ ನಮ್ಮ ಕಾನೂನಿಗೆ ಅದು ಬೇಕು.

ಎಂಟನೆಯ ಹೆಜ್ಜೆ: ಸಿಎಸ್‌ಆರ್ ಹಣವಾದರೆ

ಬೆಂಗಳೂರಿನ ಕಂಪನಿಗಳ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ವಿಭಾಗಗಳೊಂದಿಗೆ ಮಾತಾಡುವಾಗ ‘ಕಾನೂನಿನ ಪ್ರಕಾರ ಆಡಳಿತ ವೆಚ್ಚ ಶೇ 5 ಮಾತ್ರ’ ಎಂಬ ಮಾತು ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. ಕಾನೂನು ಹಾಗೆ ಹೇಳುವುದಿಲ್ಲ. ಸಿಎಸ್‌ಆರ್ ನಿಯಮಾವಳಿಯ 7ನೇ ನಿಯಮದ ಶೇ 5 ಮಿತಿ ಕಂಪನಿಯ ಸ್ವಂತ ಆಡಳಿತ ವೆಚ್ಚಕ್ಕೆ ಸಂಬಂಧಿಸಿದ್ದು. ಅದರ ಆಧಾರ ಆ ವರ್ಷ ಕಂಪನಿ ಮಾಡಿದ ಒಟ್ಟು ಸಿಎಸ್‌ಆರ್ ಖರ್ಚು. 2021ರ ಜನವರಿ 22ರ ತಿದ್ದುಪಡಿ ಕೊಟ್ಟ ವ್ಯಾಖ್ಯಾನದಲ್ಲಿ, ಅದು ಸಿಎಸ್‌ಆರ್ ಕೆಲಸದ ಸಾಮಾನ್ಯ ನಿರ್ವಹಣೆಗಾಗಿ ‘ಕಂಪನಿ ಮಾಡುವ’ ವೆಚ್ಚ ಎಂದು ಸ್ಪಷ್ಟವಾಗಿದೆ. ನಿರ್ದಿಷ್ಟ ಯೋಜನೆಯೊಂದರ ರೂಪಣೆ, ಅನುಷ್ಠಾನ, ಮೇಲ್ವಿಚಾರಣೆ, ಮೌಲ್ಯಮಾಪನಕ್ಕೆ ನೇರವಾಗಿ ಆಗುವ ಖರ್ಚು ಅದರೊಳಗೆ ಬರುವುದಿಲ್ಲ. ಅನುಷ್ಠಾನ ಮಾಡುವ ಸ್ವಯಂಸೇವಾ ಸಂಸ್ಥೆಗೆ ಎಷ್ಟು ಕೊಡಬೇಕೆಂಬುದು ಕಂಪನಿ ಮತ್ತು ಸಂಸ್ಥೆಯ ನಡುವಿನ ಒಪ್ಪಂದದ ವಿಷಯ. ಇದನ್ನು ವಿನಯದಿಂದ, ನಿಯಮದ ಪ್ರತಿಯನ್ನು ಮುಂದಿಟ್ಟು ತಿಳಿಸಿ. ಕಂಪನಿಯ ಒಳನೀತಿಯೇ ಶೇ 5 ಆಗಿದ್ದರೆ ಅದು ಬೇರೆ ಮಾತು. ಆಗ ಮೇಲ್ವಿಚಾರಣೆ, ದಾಖಲಾತಿ, ಯೋಜನೆಯ ಲೆಕ್ಕ ನಿರ್ವಹಣೆಯಂಥವನ್ನು ಯೋಜನೆಯ ಸಾಲುಗಳಾಗಿಯೇ ವಿವರಿಸಿ ಬರೆಯಲು ಕೇಳಿಕೊಳ್ಳಬಹುದು.

ಒಂಬತ್ತನೆಯ ಹೆಜ್ಜೆ: ಸಮರ್ಥನೆ ಮತ್ತು ಕಡತ

ಬಜೆಟ್ ಟಿಪ್ಪಣಿಯಲ್ಲಿ ಈ ಮಾದರಿಯ ವಾಕ್ಯವಿರಲಿ: “ಕಳೆದ ಹಣಕಾಸು ವರ್ಷದ ಲೆಕ್ಕಪರಿಶೋಧಿತ ವರದಿಯ ಪ್ರಕಾರ ಸಂಸ್ಥೆಯ ಪರೋಕ್ಷ ವೆಚ್ಚ ₹25,35,000, ಉಪಕರಣ, ವಿದ್ಯಾರ್ಥಿವೇತನ ಮತ್ತು ಪಾಲುದಾರ ಸಂಸ್ಥೆಗಳಿಗೆ ನೀಡಿದ ಮೊತ್ತವನ್ನು ಹೊರತುಪಡಿಸಿದ ನೇರ ವೆಚ್ಚ ₹1,26,85,000, ದರ ಶೇ 19.98. ಈ ಬಜೆಟ್‌ನಲ್ಲಿ ಅದೇ ಆಧಾರದ ಮೊತ್ತ ₹33,00,000ಕ್ಕೆ ಈ ದರವನ್ನು ಅನ್ವಯಿಸಿದೆ.” ಮೂರು ಸಾಲಿನಲ್ಲಿ ಪರಿಶೀಲಕರಿಗೆ ಬೇಕಾದದ್ದೆಲ್ಲ ಸಿಗುತ್ತದೆ.

ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ಯೋಜನೆಗೆ ಒಂದು ಕಾಸ್ಟ್ ಸೆಂಟರ್ (ಖರ್ಚನ್ನು ಪ್ರತ್ಯೇಕವಾಗಿ ಗುರುತಿಸುವ ಶೀರ್ಷಿಕೆ), ಪರೋಕ್ಷ ವೆಚ್ಚಕ್ಕೆ ಪ್ರತ್ಯೇಕವಾಗಿ ಒಂದು ಎಂದು ಏಪ್ರಿಲ್‌ನಲ್ಲೇ ತೆರೆದಿಟ್ಟರೆ ಮುಂದಿನ ವರ್ಷ ಈ ವಿಂಗಡಣೆ ಮತ್ತೆ ಕೈಯಿಂದ ಮಾಡಬೇಕಿಲ್ಲ. ದರದ ಹಾಳೆ, ಟ್ರಯಲ್ ಬ್ಯಾಲೆನ್ಸ್, ಚದರ ಅಡಿಯ ನಕ್ಷೆ, ಟೈಮ್‌ಶೀಟುಗಳು ಮತ್ತು ಆಡಳಿತ ಮಂಡಳಿಯ ಠರಾವು ಒಂದೇ ಕಡತದಲ್ಲಿರಲಿ.

ವರ್ಷ ಮುಗಿದ ಮೇಲೆ, ಪಡೆದ ಪರೋಕ್ಷ ವೆಚ್ಚವನ್ನು ನಿಜವಾಗಿ ಆದದ್ದರ ಜೊತೆ ಹೋಲಿಸಬೇಕು. ವಿದೇಶಿ ದೇಣಿಗೆಯ ಲೆಕ್ಕ ಕೊಡುವ ಎಫ್‌ಸಿ-4 ವಾರ್ಷಿಕ ರಿಟರ್ನ್ ಸಲ್ಲಿಸಲು ಮಾರ್ಚ್ 31ರ ನಂತರ ಒಂಬತ್ತು ತಿಂಗಳ ಅವಧಿ ಇದ್ದರೂ, ಈ ಹೋಲಿಕೆಯನ್ನು ಆಡಿಟ್ ಮುಗಿಯುವ ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು. ತಪ್ಪಾಗಿ ಒಂದು ಯೋಜನೆಯ ಮೇಲೆ ಬಿದ್ದ ಬಿಲ್ಲನ್ನು ಸರಿಯಾದ ಜಾಗಕ್ಕೆ ತರಲು ಪುಸ್ತಕಗಳು ಆಗ ಇನ್ನೂ ತೆರೆದಿರುತ್ತವೆ. ಕಡಿಮೆ ಬಂದಿದ್ದರೆ ಆ ಕೊರತೆಯನ್ನು ಮುಂದಿನ ಅರ್ಜಿಯ ಟಿಪ್ಪಣಿಯಲ್ಲಿ ಅಂಕಿಯೊಂದಿಗೆ ನಮೂದಿಸಿ. ಹೆಚ್ಚು ಬಂದಿದ್ದರೆ, ವಾಸ್ತವ ವೆಚ್ಚದ ಆಧಾರದ ಒಪ್ಪಂದಗಳಲ್ಲಿ ಆ ಹೆಚ್ಚುವರಿಯನ್ನು ಏನು ಮಾಡಬೇಕೆಂದು ದಾನಿಗೆ ಪತ್ರ ಬರೆದು ಕೇಳಿ, ಉತ್ತರವನ್ನು ಅದೇ ಕಡತಕ್ಕೆ ಸೇರಿಸಿ.